ಕಡಲೆಕಾಯಿ ಪರಿಷೆ ಮುಗಿದ ಮೇಲೆ ಮೋವರಿಗೆ ರಜೆ

“ಓಡಿಸಿ ಕೆಟ್ಟಿದ್ದಲ್ಲ ಮೇಷ್ಟ್ರೇ ಇದು, ಇಟ್ಟು ಕೆಟ್ಟಿದ್ದು.”

ಹೀಗೆನ್ನುತ್ತಲೇ ಮೆಕ್ಯಾನಿಕ್ ಕಾರ್ಬುರೇಟರಿನ ತಳದ ಬಟ್ಟಲನ್ನು ಕಳಚಿ ಬಾಗಿಲ ಬೆಳಕಿಗೆ ಹಿಡಿದರು. ಒಳಗೆ ಪೆಟ್ರೋಲ್ ಇರಲಿಲ್ಲ. ಅದು ನಿಂತಿದ್ದ ಗುರುತಾಗಿ ಅಂಚಿನುದ್ದಕ್ಕೂ ಜೇನುಬಣ್ಣದ ಅಂಟು, ತಳದಲ್ಲಿ ಬಿಳಿ ಪುಡಿ. ಹಿತ್ತಾಳೆಯ ಜೆಟ್ಟನ್ನು ಬಿಚ್ಚಿ ಕಣ್ಣ ಹತ್ತಿರ ತಂದರು. ಆಚೆಯ ಬೆಳಕು ಕಾಣಲಿಲ್ಲ. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಆ ತೂತು ಪೂರಾ ಮುಚ್ಚಿಹೋಗಿತ್ತು.

ಮಲ್ಲೇಶ್ವರದ ಹಳೆಯ ಮನೆಯೊಂದರ ಹುಲ್ಲು ಕತ್ತರಿಸುವ ಮೆಷಿನ್ ಅದು. ಹೋದ ವರ್ಷ ಡಿಸೆಂಬರಿನಲ್ಲಿ ಟ್ಯಾಂಕಿನ ತುಂಬ ಪೆಟ್ರೋಲ್ ಇರುವಂತೆಯೇ ಶೆಡ್ಡಿಗೆ ತಳ್ಳಿದ್ದರು. ಜೂನಿನಲ್ಲಿ ಹಗ್ಗ ಎಳೆದೂ ಎಳೆದೂ ಸಾಕಾಗಿ, ಮಳೆಗಾಲವಿಡೀ ಬಾಡಿಗೆಯವರಿಂದ ಹುಲ್ಲು ಹೊಡೆಸಿ, ಈಗ ಚಾಮರಾಜಪೇಟೆಯ ಈ ಅಂಗಡಿಗೆ ತಂದಿದ್ದರು. ಎದುರಿನ ಸ್ಟೂಲಿನಲ್ಲಿ ಕುಳಿತವರು ಬಸವನಗುಡಿಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. ಅವರು ಆಟೋದಲ್ಲಿ ಹೇರಿಕೊಂಡು ಬಂದಿದ್ದು ಕೆಡದ ಮೆಷಿನನ್ನು. ರಸ್ತೆಯವರೆಲ್ಲ ಸೇರಿ ಪುಟ್ಟ ಪಾರ್ಕಿಗೆಂದು ಕೊಂಡ ಪೆಟ್ರೋಲ್ ಮೋವರ್, ಉಸ್ತುವಾರಿ ಮೇಷ್ಟ್ರದ್ದು.

“ಮಗಳು ಮಿಷಿಗನ್ನಿನಿಂದ ಫೋನ್ ಮಾಡಿದ್ದಳು ಕಣ್ರೀ. ಅಲ್ಲಿ ಹಿಮ ಬೀಳೋಕೆ ಮುಂಚೆ ಪ್ರತಿ ಮನೆಯಲ್ಲೂ ಮೋವರನ್ನ ಚಳಿಗಾಲಕ್ಕೆ ಸಿದ್ಧ ಮಾಡಿ ಒಳಗಿಡ್ತಾರಂತೆ. ಕೈಪಿಡಿಯಲ್ಲೂ ಅದಕ್ಕೇ ಎರಡು ಪುಟ ಇದೆ. ಬೆಂಗಳೂರಿಗೂ ಅದೆಲ್ಲ ಬೇಕಾ?”

“ಬೇಕು. ಚಳಿಗಲ್ಲ ಸಾರ್, ಹುಲ್ಲು ನಿಂತುಹೋಗುತ್ತಲ್ಲ, ಅದಕ್ಕೆ.”

ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಮೋವರಿನ ಎಂಜಿನ್ ಗಾಳಿಯಿಂದ ತಂಪಾಗುವಂಥದು, ಹೆಪ್ಪುಗಟ್ಟಲು ಅದರಲ್ಲಿ ನೀರೂ ಇಲ್ಲ. ಆದರೆ ಊರಿನ ಹುಲ್ಲಿಗೆ ತನ್ನದೇ ಪಂಚಾಂಗವಿದೆ. ಇಲ್ಲಿ ಅತಿ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜನವರಿ, ಫೆಬ್ರವರಿ ಎರಡೂ ಸೇರಿದರೆ ಸರಾಸರಿ ಹತ್ತು ಮಿಲಿಮೀಟರ್ ಆಸುಪಾಸು.

“ಅದು ನನ್ನ ಕಣ್ಣಿಗೂ ಕಂಡಿದೆ,” ಎಂದರು ಮೇಷ್ಟ್ರು. “ದಸರೆಯಲ್ಲಿ ವಾರಕ್ಕೊಂದು ಸಲ ಹೊಡೆಸಬೇಕಿತ್ತು. ಕಡಲೆಕಾಯಿ ಪರಿಷೆ ಹೊತ್ತಿಗೆ ಹದಿನೈದು ದಿನಕ್ಕೊಂದು ಸಲ ಸಾಕಾಯ್ತು. ಸಂಕ್ರಾಂತಿ ಕಳೆದರೆ ಅದೂ ಬೇಡ. ಕಮಿಟಿಯವರು ಬರ್ಮುಡಾ ಹುಲ್ಲು ಹಾಕ್ಸಿದೀವಿ ಅಂತ ಬೀಗ್ತಾರೆ. ದೊಡ್ಡ ಗಣಪತಿಗೆ ಏರಿಸೋ ಗರಿಕೆಯೂ ಅದೇ ಜಾತಿ. ನೀರಿಲ್ಲದಿದ್ದರೆ ಮೇಲೆಲ್ಲ ಒಣಗಿಸಿಕೊಂಡು ಬೇರಲ್ಲಿ ಜೀವ ಹಿಡಕೊಂಡು ಕೂತಿರುತ್ತೆ.”

“ನೀರು ಬಿಡೋಕೆ ಯಾರು ಬಿಡ್ತಾರೆ ಬೇಸಿಗೇಲಿ?”

ಮಾತು 2024ರ ಬೇಸಿಗೆಗೆ ಹೊರಳಿತು. ಆ ವರ್ಷ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಸಾಲು ನಿಂತ ಕಾಲದಲ್ಲಿ, ಗಿಡಗಳಿಗೆ ಹಾಗೂ ವಾಹನ ತೊಳೆಯಲು ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಬಸವನಗುಡಿಯ ಎಷ್ಟೋ ಕಾಂಪೌಂಡುಗಳಲ್ಲಿ ಹುಲ್ಲು ಒಣಗಿ ಮೇ ತಿಂಗಳ ಮಳೆಯ ತನಕ ಹಾಗೇ ಉಳಿಯಿತು. ಲಾಲ್‌ಬಾಗಿನ ಕತೆ ಬೇರೆ. 240 ಎಕರೆಯ ಆ ತೋಟದ ಗಾಜಿನಮನೆಯಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವುದೇ ಜನವರಿಯಲ್ಲಿ. ಅಲ್ಲಿನ ಯಂತ್ರಗಳಿಗೆ ಆಗ ಕೈತುಂಬ ಕೆಲಸ. ಮನೆಯ, ರಸ್ತೆಯ, ಟ್ರಸ್ಟಿನ ಮೋವರುಗಳಿಗೆ ಮಾತ್ರ ನಾಲ್ಕೈದು ತಿಂಗಳು ಪುರುಸೊತ್ತು. ಮಿಷಿಗನ್ನಿನಲ್ಲಿ ಹಿಮ ಕೊಡುವ ರಜೆಯನ್ನು ಇಲ್ಲಿ ಒಣಹವೆ ಕೊಡುತ್ತದೆ. ಹಾಗೆ ನಿಂತ ತಿಂಗಳುಗಳಲ್ಲಿ ಟ್ಯಾಂಕಿನಲ್ಲಿ ಏನಾಗುತ್ತದೆ ಎಂಬುದು ಎರಡೂ ಕಡೆ ಒಂದೇ.

ಮೆಕ್ಯಾನಿಕ್ ಮಲ್ಲೇಶ್ವರದ ಮೆಷಿನಿನ ಟ್ಯಾಂಕಿನಲ್ಲಿ ಉಳಿದಿದ್ದುದನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಸುರಿದರು. ಬಣ್ಣ ಕಡು ಹಳದಿಗೆ ತಿರುಗಿತ್ತು. ಮೂಗಿಗೆ ಬಡಿದದ್ದು ಬಂಕಿನ ಪೆಟ್ರೋಲ್ ವಾಸನೆಯಲ್ಲ, ಬಾಗಿಲಿಗೆ ಹೊಡೆಯುವ ವಾರ್ನಿಷ್ ವಾಸನೆ. ಬಾಟಲಿಯನ್ನು ಅಲುಗಿಸದೆ ಇಟ್ಟ ಸ್ವಲ್ಪ ಹೊತ್ತಿಗೆ ತಳದಲ್ಲಿ ಬೆರಳಿನಷ್ಟು ದಪ್ಪದ ಇನ್ನೊಂದು ಪದರ ಬೇರೆಯಾಗಿ ನಿಂತಿತು. ಮೇಲಿನದಕ್ಕೂ ಅದಕ್ಕೂ ನಡುವೆ ಗೆರೆ ಎಳೆದ ಹಾಗಿತ್ತು.

“ನೀರು,” ಎಂದರು ಮೆಕ್ಯಾನಿಕ್.

“ಬರೀ ನೀರಲ್ಲ ಕಣ್ರೀ. ನೀರು ಮತ್ತು ಎಥೆನಾಲ್.” ಮೇಷ್ಟ್ರ ಧ್ವನಿಗೆ ತರಗತಿಯ ಹುರುಪು ಬಂತು. “ಒಂದು ಔಷಧಿ ಅಳತೆ ಲೋಟ ಕೊಡಿ, ತೋರಿಸ್ತೀನಿ.”

ಅವರು ಅಂದೇ ಬಂಕಿನಿಂದ ತಂದ ಪೆಟ್ರೋಲನ್ನು ನೂರು ಮಿಲಿಲೀಟರ್ ಅಳೆದು ಉದ್ದನೆಯ ಗಾಜಿನ ಸೀಸೆಗೆ ಹಾಕಿದರು. ಅದಕ್ಕೆ ಇಪ್ಪತ್ತು ಮಿಲಿಲೀಟರ್ ನೀರು ಸೇರಿಸಿ, ಬಾಯಿ ಮುಚ್ಚಿ ಕುಲುಕಿ, ಬೆಂಚಿನ ಮೇಲಿಟ್ಟರು. ಪದರಗಳು ಬೇರ್ಪಟ್ಟಾಗ ತಳದಲ್ಲಿ ಇಪ್ಪತ್ತಲ್ಲ, ನಲವತ್ತರ ಹತ್ತಿರ ನಿಂತಿತ್ತು.

“ನೋಡಿ, ಹೆಚ್ಚಾಗಿರೋ ಭಾಗ ಪೆಟ್ರೋಲಿನೊಳಗಿದ್ದ ಎಥೆನಾಲ್. ಪೆಟ್ರೋಲ್ ಬಿಟ್ಟು ನೀರಿನ ಪಕ್ಷ ಸೇರಿಕೊಂಡಿತು.”

“ಶೇಕಡಾ ಇಪ್ಪತ್ತು ಅಂತ ಬಂಕಿನಲ್ಲೂ ಬರೆದಿರ್ತಾರೆ.”

ಇಪ್ಪತ್ತರ ಈ ಲೆಕ್ಕಕ್ಕೂ ಬೆಂಗಳೂರಿಗೂ ನಂಟಿದೆ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರವರಿ 6ರಂದು, ಇಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. 2022ರಲ್ಲಿ ದೇಶದಾದ್ಯಂತ ಮಿಶ್ರಣ ಶೇಕಡಾ 10 ಮುಟ್ಟಿತ್ತು. 2030ಕ್ಕೆಂದು ಇಟ್ಟುಕೊಂಡಿದ್ದ ಶೇಕಡಾ 20ರ ಗುರಿಯನ್ನು ಸರ್ಕಾರ 2025–26ಕ್ಕೆ ಎಳೆದು ತಂದಿತು. ಕಬ್ಬಿನ ರೈತರಿಗೂ ಸಕ್ಕರೆ ಕಾರ್ಖಾನೆಗಳಿಗೂ ಅದರಿಂದ ಹೊಸ ಮಾರುಕಟ್ಟೆ ಸಿಕ್ಕಿತು. ಬೆಳಗಾವಿ, ಬಾಗಲಕೋಟೆಯ ಕಡೆ ಅದು ದೊಡ್ಡ ಮಾತು. ಆದರೆ ಹಳೆಯ ಸಣ್ಣ ಎಂಜಿನ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವ ಮಿತಿ ಶೇಕಡಾ 10.

“ಹಾಗಾದರೆ ಎಲ್ಲ ತಪ್ಪೂ ಎಥೆನಾಲಿಂದೇ?” ಮೆಕ್ಯಾನಿಕ್ ಕೇಳಿದರು.

“ಅಷ್ಟು ಸುಲಭವಾಗಿ ತೀರ್ಪು ಕೊಡಬೇಡಿ. ಎರಡು ಬೇರೆ ಬೇರೆ ಕೆಲಸ ನಡೀತವೆ. ಮೊದಲನೆಯದು, ಪೆಟ್ರೋಲಿನ ಹಗುರವಾದ ಭಾಗ ಆವಿಯಾಗಿ ಹೋಗುತ್ತೆ, ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತೆ. ತಾಮ್ರ, ಹಿತ್ತಾಳೆ ತಾಗಿದರೆ ಇನ್ನೂ ಬೇಗ. ನೀವು ಜೆಟ್ಟಿನಲ್ಲಿ ಕಂಡದ್ದು ಅದು. ಎಥೆನಾಲ್ ಇಲ್ಲದ ಕಾಲದಲ್ಲೂ ಇದು ಆಗ್ತಿತ್ತು. ಎರಡನೆಯದು ನೀರು. ಶೇಕಡಾ 10ರ ಮಿಶ್ರಣ ತಡಕೊಳ್ಳೋದು ಹೆಚ್ಚುಕಡಿಮೆ ಅರ್ಧ ಪರ್ಸೆಂಟ್ ನೀರನ್ನ. ಲೀಟರಿಗೆ ಐದು ಮಿಲಿಲೀಟರ್, ಒಂದು ಟೀ ಚಮಚ! ಶೇಕಡಾ 20 ಇದ್ದರೆ ಇನ್ನೂ ಸ್ವಲ್ಪ ಹೆಚ್ಚು ತಡಕೊಳ್ಳುತ್ತೆ. ಮಿತಿ ದಾಟಿತೋ, ಕೆಳಗಿಳಿಯೋ ಪದರವೂ ಅಷ್ಟೇ ದಪ್ಪ. ಕಾರ್ಬುರೇಟರಿಗೆ ಮೊದಲು ಹೋಗೋದು ತಳದ್ದೇ.”

“ಗಾಳಿಯ ತೇವದಿಂದ ಒಂದು ಚಮಚ ನೀರು ಬರುತ್ತಾ?”

“ಬಂದರೂ ನಿಧಾನ. ನನ್ನ ಅನುಮಾನ ಮುಚ್ಚಳದ ಮೇಲೆ. ಮಳೆಯಲ್ಲಿ ಹೊರಗೆ ನಿಲ್ಲಿಸಿರ್ತಾರೆ, ಇಲ್ಲ ಪೈಪ್ ಹಿಡಿದು ತೊಳೆದಿರ್ತಾರೆ.”

ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿದರು. ಒಳಗಿನ ರಬ್ಬರ್ ವಾಷರ್ ಸೀಳಿತ್ತು. ಲಾಕ್‌ಡೌನ್ ಸಡಿಲವಾದ 2020ರ ದಿನಗಳ ನೆನಪು ಅವರಿಗೆ ಬಂತು. ಆಗ ಅಂಗಡಿಯ ಮುಂದೆ ಸ್ಟಾರ್ಟ್ ಆಗದ ಹಳೆಯ ಸ್ಕೂಟರುಗಳ ಸಾಲೇ ನಿಂತಿತ್ತು. ಪೆಟ್ರೋಲಿನಲ್ಲಿ ಎಥೆನಾಲ್ ಆಗಿನ್ನೂ ಶೇಕಡಾ ಐದರ ಆಸುಪಾಸು. “ಬಂದ ಗಾಡಿಗೆಲ್ಲ ಒಂದೇ ಕೆಲಸ, ಬಟ್ಟಲು ಬಿಚ್ಚು, ಜೆಟ್ ಊದು,” ಎಂದರು.

ಇಲ್ಲಿಂದ ಮುಂದೆ ಇಬ್ಬರಿಗೂ ಒಮ್ಮತವಿರಲಿಲ್ಲ. ಟ್ಯಾಂಕ್ ಖಾಲಿ ಮಾಡಿಡಬೇಕೋ, ಭರ್ತಿ ಮಾಡಿಡಬೇಕೋ? ಮೋವರ್ ಬಳಸುವ ದೇಶಗಳಲ್ಲೆಲ್ಲ ಈ ಜಗಳ ಇದೆ. ಮೇಷ್ಟ್ರ ಮಗಳು ಭರ್ತಿ ಪಕ್ಷ: ತಾಜಾ ಪೆಟ್ರೋಲಿಗೆ ಸ್ಟೆಬಿಲೈಸರ್ ಎಂಬ ದ್ರವ ಬೆರೆಸಿ, ಕಂಠಮಟ್ಟ ತುಂಬಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ಅದು ಕಾರ್ಬುರೇಟರಿಗೂ ತಲುಪುವಂತೆ ಮಾಡಿ ನಿಲ್ಲಿಸುತ್ತಾಳೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ, ಹಾಗಾಗಿ ತೇವಕ್ಕೂ ತುಕ್ಕಿಗೂ ಅವಕಾಶ ಕಡಿಮೆ ಎಂಬುದು ಅವಳ ವಾದ.

“ಅವರಿಗೆ ಸರಿ,” ಎಂದರು ಮೆಕ್ಯಾನಿಕ್. “ಆ ದ್ರವ ಅಲ್ಲಿ ಯಾವ ಹಾರ್ಡ್‌ವೇರ್ ಅಂಗಡೀಲೂ ಸಿಗುತ್ತಂತೆ. ಇಲ್ಲಿ ಆನ್‌ಲೈನಲ್ಲಿ ತರಿಸಬೇಕು. ಹಾಕೋಕೆ ಮರೆತರೆ ಮುಗೀತು ಕತೆ. ಅಲ್ಲದೆ ಇಲ್ಲಿ ಶೆಡ್ ಅಂದ್ರೇನು? ಮನೆ ಹಿಂದಿನ ಓಣಿ, ಇಲ್ಲ ಬಚ್ಚಲುಮನೆ ಪಕ್ಕ. ಬಸವನಗುಡೀಲಿ ಇನ್ನೂ ಎಷ್ಟು ಮನೇಲಿ ಹಂಡೆ ಒಲೆ ಉರೀತಿದೆ ಗೊತ್ತಲ್ಲ? ಅದರ ಪಕ್ಕ ಪೆಟ್ರೋಲ್ ತುಂಬಿದ ಮೆಷಿನ್ ಇಡಿ ಅಂತ ನಾನಂತೂ ಹೇಳಲ್ಲ.”

“ಖಾಲಿ ಟ್ಯಾಂಕ್ ತುಕ್ಕು ಹಿಡಿದರೆ?”

“ನಿಮ್ಮದು ಪ್ಲಾಸ್ಟಿಕ್ ಟ್ಯಾಂಕ್. ತಗಡಿನದಾದರೆ ಎರಡು ಚಮಚ ಆಯಿಲ್ ಹಾಕಿ ಒಳಗೆಲ್ಲ ಸವರೋ ಹಾಗೆ ಅಲ್ಲಾಡಿಸಬೇಕು.”

“ಇದೆಲ್ಲ ಬೇಡ, ತಿಂಗಳಿಗೊಂದು ಸಲ ಸ್ಟಾರ್ಟ್ ಮಾಡಿದರೆ ಸಾಲದಾ?”

“ಎರಡು ನಿಮಿಷ ಓಡಿಸಿ ನಿಲ್ಲಿಸೋದಾದ್ರೆ ಮಾಡದೇ ಇರೋದೇ ವಾಸಿ. ಆಯಿಲ್ ಬಿಸಿಯಾಗಲ್ಲ, ಒಳಗೆ ಕೂತ ತೇವ ಆರಲ್ಲ. ಕಾಲು ಗಂಟೆ ಓಡಿಸೋ ತಾಳ್ಮೆ ಯಾರಿಗಿದೆ?”

ವಾದ ಅಲ್ಲಿಗೆ ನಿಂತು ಕೆಲಸ ಶುರುವಾಯಿತು. ಮೇಷ್ಟ್ರ ಮೆಷಿನ್ನನ್ನು ಅಂಗಡಿಯ ಹೊರಗೆ, ಬೀಡಿ ಸೇದುವ ಪಕ್ಕದಂಗಡಿಯವರಿಂದ ದೂರ ಎಳೆದು, ತಣ್ಣಗಿರುವಾಗಲೇ ಟ್ಯಾಂಕಿನ ಪೆಟ್ರೋಲನ್ನು ಸಣ್ಣ ಪೈಪಿನಿಂದ ಕ್ಯಾನಿಗೆ ಇಳಿಸಿದರು. “ಹೊಸದೇ ಇದು, ನಿಮ್ಮ ಸ್ಕೂಟರಿಗೆ ಹಾಕ್ಕೊಳಿ.” ಆಮೇಲೆ ಹಗ್ಗ ಎಳೆದು ಎಂಜಿನ್ ಚಾಲೂ ಮಾಡಿದರು. ಪೈಪಿನಲ್ಲೂ ಬಟ್ಟಲಲ್ಲೂ ಉಳಿದದ್ದನ್ನು ಕುಡಿದು, ಕೊನೆಗೆ ಏದುಸಿರು ಬಿಟ್ಟು ಅದು ತಾನಾಗಿ ನಿಂತಿತು. ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿದಾಗ ಕೊನೆಯ ನಾಲ್ಕು ಹನಿ ಬಟ್ಟೆಗೆ ಬಿದ್ದವು. ಮುಂದೆ ಕೈ ಇಡುವ ಮೊದಲು ಪ್ಲಗ್ಗಿನ ಟೋಪಿ ಕಿತ್ತು ಪಕ್ಕಕ್ಕೆ ಸರಿಸಿದರು. ಬ್ಲೇಡ್ ತಿರುಗಿಸಿದರೂ ಸಾಕು, ಕಿಡಿ ಸಿಕ್ಕರೆ ಎಂಜಿನ್ ಒಂದು ಸುತ್ತು ಹೊಡೆದೀತು. ಬೆರಳು ಕಳೆದುಕೊಳ್ಳಲು ಅಷ್ಟು ಸಾಕು.

ಬಿಸಿ ಆರುವ ಮೊದಲೇ ಆಯಿಲ್ ಇಳಿಸಿದರು. ಮಳೆಗಾಲವಿಡೀ ದುಡಿದ ಎಣ್ಣೆ ಕಾಡಿಗೆಯಂತೆ ಕಪ್ಪಾಗಿತ್ತು. ಅದರಲ್ಲಿ ಮಸಿಯಷ್ಟೇ ಅಲ್ಲ, ಉರಿದ ಇಂಧನದ ಆಮ್ಲವೂ ತೇವವೂ ಇರುತ್ತವೆ, ತಿಂಗಳುಗಟ್ಟಲೆ ನಿಂತರೆ ಬೇರಿಂಗನ್ನು ತಿನ್ನುತ್ತವೆ ಎಂದು ಮೇಷ್ಟ್ರು ವಿವರಿಸಿದರು. ಆದ್ದರಿಂದ ಎಣ್ಣೆ ಬದಲಿಸಬೇಕಾದದ್ದು ರಜೆಗೆ ಮುಂಚೆ, ರಜೆ ಮುಗಿದ ಮೇಲಲ್ಲ. ಹೊಸದು ಅರ್ಧ ಲೀಟರ್ ಚಿಲ್ಲರೆ 10ಡಬ್ಲ್ಯೂ-30, ಕಡ್ಡಿಯ ಮೇಲಿನ ಗೆರೆ ತನಕ.

“ಹಳೇ ಎಣ್ಣೆ ಕೊಡಿ, ಹಿತ್ತಲ ಬಾಗಿಲ ಚೌಕಟ್ಟಿಗೆ ಬಳೀತೀನಿ. ಗೆದ್ದಲಿಗೆ ಒಳ್ಳೇದು ಅಂತಾರೆ.”

“ನೀವೇ ಕೆಮಿಸ್ಟ್ರಿ ಮೇಷ್ಟ್ರು, ನೀವೇ ಹೀಗಂದ್ರೆ? ಅಪಾಯಕಾರಿ ತ್ಯಾಜ್ಯ ಅಂತ ಕಾನೂನೇ ಇದೆ. ಇಲ್ಲಿ ಡ್ರಮ್ಮಿಗೆ ಹಾಕ್ತೀನಿ, ಮರುಬಳಕೆಯವರು ತಗೊಂಡು ಹೋಗ್ತಾರೆ.”

ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಒಂದೆರಡು ಚಮಚ ಹೊಸ ಆಯಿಲ್ ಬಿಟ್ಟರು. ಬಾಯಿಗೆ ಬಟ್ಟೆ ಮುಚ್ಚಿ ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಲ ಎಳೆದರು. ಸಿಲಿಂಡರಿನ ಗೋಡೆಗೆಲ್ಲ ಎಣ್ಣೆಯ ಪೊರೆ ಹತ್ತಬೇಕು. ಪ್ಲಗ್ ಕೂರಿಸಿದ ಮೇಲೆ ಮತ್ತೊಮ್ಮೆ ಎಳೆಯುತ್ತಾ, ಕೈಗೆ ಬಿಗಿ ಸಿಕ್ಕ ಕಡೆ ನಿಲ್ಲಿಸಿ ಬಿಟ್ಟರು.

“ಅದ್ಯಾಕೆ ಅಲ್ಲೇ?”

“ಅಲ್ಲಿ ಪಿಸ್ಟನ್ ಗಾಳಿ ಒತ್ತುತ್ತಿರುತ್ತೆ, ಎರಡು ವಾಲ್ವೂ ಮುಚ್ಚಿರುತ್ತೆ. ಹೊರಗಿನ ತೇವ ಒಳಗೆ ಬರೋಕೆ ದಾರಿ ಇಲ್ಲ.”

ಮೆಷಿನನ್ನು ಮಗುಚುವಾಗ ಏರ್ ಫಿಲ್ಟರ್ ಇರುವ ಬದಿ ಮೇಲೆ ಬರುವಂತೆ ನೋಡಿಕೊಂಡರು. ಅದು ಕೆಳಗಾದರೆ ಎಣ್ಣೆ ನೇರ ಫಿಲ್ಟರಿಗೂ ಕಾರ್ಬುರೇಟರಿಗೂ ಇಳಿಯುತ್ತದೆ. ಹೊಟ್ಟೆಯೊಳಗೆ ಇಡೀ ಮಳೆಗಾಲದ ಹುಲ್ಲು ಹೆಪ್ಪುಗಟ್ಟಿ ಕೂತಿತ್ತು, ಮೇಲೆ ಒಣಗಿ, ಒಳಗೆ ಇನ್ನೂ ಹಸಿ. ಅದರಡಿಯಲ್ಲೇ ತಗಡು ತುಕ್ಕು ಹಿಡಿಯುವುದು. ಮೊಂಡ ಪಟ್ಟಿಯಿಂದ ಕೆರೆದು, ಬ್ರಷ್ಷಿನಿಂದ ಉಜ್ಜಿ, ಎಣ್ಣೆಬಟ್ಟೆಯಲ್ಲಿ ಒರೆಸಿದರು. ನೀರು ಬಿಡಲಿಲ್ಲ.

ಬ್ಲೇಡ್ ಬಿಚ್ಚಿದಾಗ ಮೇಷ್ಟ್ರಿಗೆ ಚರಿತ್ರೆ ನೆನಪಾಯಿತು. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡಿಂಗ್ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲಿನ ಜುಂಗು ಸವರುವ ಗಿರಣಿ ಯಂತ್ರವನ್ನು ನೋಡಿ ಹೊಳೆದ ಉಪಾಯ ಅದು. ಉರುಳೆಗೆ ಸುತ್ತಿದ ಅಲಗುಗಳು ಕತ್ತರಿಯಂತೆ ಕೆಲಸ ಮಾಡುತ್ತಿದ್ದವು. ಈಗಿನ ಪೆಟ್ರೋಲ್ ಮೋವರಿನದು ಬೇರೆ ವಿಧಾನ, ಒಂದೇ ಪಟ್ಟಿ ವೇಗವಾಗಿ ತಿರುಗಿ ಹುಲ್ಲನ್ನು ಹೊಡೆದು ತುಂಡರಿಸುತ್ತದೆ. ಅಲಗು ಮೊಂಡಾದರೆ ಹುಲ್ಲಿನ ತುದಿ ಸಿಗಿದು ಬೆಳ್ಳಗಾಗುತ್ತದೆ.

“ಹಾಗಂತ ಕತ್ತಿ ಸಾಣೆ ಹಿಡಿಯೋರಿಗೆ ಕೊಟ್ಟೀರಾ, ಕ್ಷೌರಕ್ಕೆ ಆಗೋ ಹಾಗೆ ಮಾಡಿಕೊಡ್ತಾರೆ. ಮೊದಲ ಕಲ್ಲಿಗೇ ಅಂಚು ಮುರಿಯುತ್ತೆ. ಕಂಪನಿ ಕೊಟ್ಟ ಓರೆ ಎಷ್ಟಿದೆಯೋ ಅಷ್ಟೇ ಅರ ಹಾಕಬೇಕು.” ಅರ ಉಜ್ಜಿದ ಮೇಲೆ ಬ್ಲೇಡಿನ ನಡುತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು. ಎಡಭಾಗ ಇಳಿಯಿತು. ಅದೇ ಬದಿಗೆ ಇನ್ನೆರಡು ಸಲ ಅರ ಎಳೆದು ಮತ್ತೆ ಸಿಕ್ಕಿಸಿದಾಗ ಅಡ್ಡಗೆರೆಯಂತೆ ನೇರ ನಿಂತಿತು. ಭಾರ ಹೆಚ್ಚುಕಡಿಮೆಯಾದರೆ ಇಡೀ ಯಂತ್ರ ನಡುಗಿ ಕ್ರ್ಯಾಂಕಿನ ಬೇರಿಂಗ್ ಸವೆಯುತ್ತದೆ.

ಸ್ಪಂಜಿನ ಫಿಲ್ಟರನ್ನು ಸೋಪಿನ ನೀರಲ್ಲಿ ಹಿಂಡಿ ನೆರಳಿಗೆ ಹಾಕಿದರು. ಒಣಗಿದ ಮೇಲೆ ನಾಲ್ಕು ಹನಿ ಎಣ್ಣೆ. ಕಾಗದದ ಫಿಲ್ಟರ್ ಇದ್ದವರು ಎಸ್‌ಜೆಪಿ ರಸ್ತೆಯಲ್ಲಿ ಹೊಸದು ಹುಡುಕುವುದು ಲೇಸು.

“ಹೆಗಲಿಗೆ ಹಾಕೋ ಗ್ರಾಸ್ ಕಟ್ಟರಿಗೂ ಇದೇ ಕ್ರಮನಾ?”

“ಟು-ಸ್ಟ್ರೋಕ್ ಆದರೆ ಆಯಿಲ್ ಬದಲಿಸೋ ಮಾತಿಲ್ಲ, ಪೆಟ್ರೋಲಿಗೇ ಬೆರೆಸಿರ್ತಾರೆ. ಆದರೆ ಅದರ ಕಾರ್ಬುರೇಟರಿನಲ್ಲಿ ರಬ್ಬರಿನ ತೆಳು ಪೊರೆ ಇರುತ್ತೆ, ಹಳೇ ಪೆಟ್ರೋಲಿಗೆ ಅದು ಬಿರುಸಾಗುತ್ತೆ. ನಮ್ಮ ಭಾವಮೈದ ತೀರ್ಥಹಳ್ಳಿ ಕಡೆ ಅಡಕೆ ತೋಟದವನು. ಕಳೆ ಹೊಡೆಯೋ ಕೆಲಸ ಮುಗಿದ ದಿನವೇ ಟ್ಯಾಂಕ್ ಬಗ್ಗಿಸಿಬಿಡ್ತಾನೆ.”

ಇನ್ನು ಇಡುವ ಜಾಗ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೇ ಬೆವರು ಕಟ್ಟುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಸಾಕು. ಪ್ಲಗ್ಗಿನ ವೈರು ಇಲಿಗೆ ಪ್ರಿಯ. ಇನ್ನೊಂದು ಕಾಟ ಯಾವ ಅಮೆರಿಕದ ಕೈಪಿಡಿಯಲ್ಲೂ ಎದ್ದು ಕಾಣುವುದಿಲ್ಲ. ಮಲ್ಲೇಶ್ವರದ ಮೆಷಿನಿನ ಸೈಲೆನ್ಸರಿಗೆ ಮೆಕ್ಯಾನಿಕ್ ತಂತಿ ಹಾಕಿ ತಿರುವಿದಾಗ ಕೆಮ್ಮಣ್ಣು ಉದುರಿತು. ಕುಂಬಾರ ಹುಳು ಗೂಡು ಕಟ್ಟಿತ್ತು. ಹೊಗೆ ಹೋಗಲು ದಾರಿಯಿಲ್ಲದ ಮೇಲೆ ಜೆಟ್ ಎಷ್ಟು ಶುಚಿಯಾದರೇನು? ಮೇಷ್ಟ್ರ ಮೆಷಿನಿನ ಸೈಲೆನ್ಸರ್ ಬಾಯಿಗೆ ಅವರು ಕೆಂಪು ಬಟ್ಟೆ ತುರುಕಿ, ತುದಿಯನ್ನು ಗೇಣುದ್ದ ಹೊರಗೆ ಬಿಟ್ಟರು. ಸ್ಟಾರ್ಟ್ ಮಾಡುವವನ ಕಣ್ಣಿಗೆ ಅದು ಬೀಳಬೇಕು.

“ಕಮಿಟಿಯಲ್ಲಿ ಒಬ್ಬರು, ಬ್ಯಾಟರಿ ಮೋವರ್ ಕೊಂಡರೆ ಈ ರಗಳೆಯೇ ಇಲ್ಲ ಅಂತಿದ್ದಾರೆ.”

“ಪೆಟ್ರೋಲಿನ ರಗಳೆ ಇಲ್ಲ, ನಿಜ. ಬ್ಲೇಡು, ತಗಡು, ಇಲಿ ಎಲ್ಲ ಹಾಗೇ ಇರುತ್ತೆ. ಲಿಥಿಯಂ ಬ್ಯಾಟರಿನ ಪೂರ್ತಿ ಚಾರ್ಜ್ ಮಾಡಿಯೂ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿಡಬೇಕು. ಸಣ್ಣ ಪಾರ್ಕಿಗೆ ಅದು ಸಾಕು ಅನ್ಸುತ್ತೆ. ಇದು ಹೋಗೋ ತನಕ ಹೋಗಲಿ, ಆಮೇಲೆ ಯೋಚನೆ ಮಾಡಿ.”

ಮೇಷ್ಟ್ರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಸಾಲಾಗಿ ಬರೆದುಕೊಂಡರು. ಕೈಪಿಡಿ ಇಂಗ್ಲಿಷಿನಲ್ಲಿದೆ, ಮೆಷಿನ್ ತಳ್ಳುವ ಮಾಲಿ ಅದನ್ನು ತೆರೆದೂ ನೋಡಿಲ್ಲ. ಕೊನೆಗೆ ‘ಜೂನ್ 1: ಬಟ್ಟೆ ತೆಗೆದು, ಆಯಿಲ್ ಮಟ್ಟ ನೋಡಿ, ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡುವುದು’ ಎಂದು ಬರೆದರು.

ಮೆಕ್ಯಾನಿಕ್ ಇಣುಕಿ ನೋಡಿ ತಲೆಯಾಡಿಸಿದರು. “ತಾರೀಖು ಹಾಕಬೇಡಿ ಮೇಷ್ಟ್ರೇ. ಮೇನಲ್ಲೇ ಜೋರು ಮಳೆ ಶುರುವಾಗುತ್ತೆ. ‘ಎರಡು ದೊಡ್ಡ ಮಳೆ ಆದ ಮೇಲೆ’ ಅಂತ ಬರೀರಿ. ಪೆಟ್ರೋಲ್ ಅರ್ಧ ಲೀಟರಿಗಿಂತ ಹೆಚ್ಚು ತರಬೇಡ ಅಂತ್ಲೂ ಸೇರಿಸಿ. ಮೊದಲ ಎರಡು ನಿಮಿಷ ಹೊಗೆ ಬರುತ್ತೆ, ಸಿಲಿಂಡರಿಗೆ ಬಿಟ್ಟ ಎಣ್ಣೆ ಅದು. ಹೆದರಿ ನನಗೆ ಫೋನ್ ಮಾಡೋದು ಬೇಡ.”

ಮೇಷ್ಟ್ರು ತಾರೀಖನ್ನು ಹೊಡೆದುಹಾಕಿ, ಹೊಗೆಯ ಮಾತನ್ನು ಕೊನೆಯ ಸಾಲಾಗಿ ಸೇರಿಸಿ, ಎಷ್ಟಾಯಿತೆಂದು ಕೇಳಿದರು.